ಚೆಕಿಂಗಕ್ಕನ ಕೆಂಪು ಬಾಣ

ಬೆಳಗಿನ ಹತ್ತರಿಂದ ಹತ್ತೂವರೆಯೊಳಗೆ ನಮ್ಮ ಎದುರು ಮನೆಯ ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯುವುದು ಒಂದೇ ಕೈಯುಳ್ಳ ಹೆಂಗಸು. ಅವರು ತೊಟ್ಟ ನೀಲಿ ಕೋಟಿನ ಬಲತೋಳು ಬರಿದಾಗಿ ಜೋತುಬಿದ್ದು, ಅವರು ತಿರುಗಿದ ಕಡೆಗೆಲ್ಲ ತಾನೂ ಒಂದು ಗಳಿಗೆ ತಡವಾಗಿ ತಿರುಗುತ್ತಿರುತ್ತದೆ. ಬಂದವರ ಮುಖದಲ್ಲಿ ಮರುಕ ಮೂಡಿ, ದನಿ ತಾನಾಗಿ ಮೃದುವಾಗಿ, ಅವರು ಅಯ್ಯೋ ಪಾಪ ಎಂದುಕೊಳ್ಳುವಷ್ಟರಲ್ಲಿ ಕೋಟಿನ ಹೊಟ್ಟೆಯೊಳಗೆ ಏನೋ ಅಲುಗಾಡಿ, ಎರಡು ಗುಂಡಿಗಳ ನಡುವಿನಿಂದ ದಷ್ಟಪುಷ್ಟವಾದ ಬಲಗೈಯೊಂದು ಹೊರಬಂದು, ಮೂಗು ತುರಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಒಳಗೆ ಹೋಗಿಬಿಡುತ್ತದೆ. ಈ ದೃಶ್ಯಕ್ಕೆ ಹೊಸದಾಗಿ ಬಂದ ಕೊರಿಯರಿನವನೊಬ್ಬ ಪೊಟ್ಟಣವನ್ನು ಕಾಲ ಮೇಲೆ ಬೀಳಿಸಿಕೊಂಡದ್ದನ್ನು ನಾನು ನನ್ನ ಕಿಟಕಿಯಿಂದ ಕಣ್ಣಾರೆ ಕಂಡಿದ್ದೇನೆ.

ಕಳೆದ ತಿಂಗಳು ಆ ಬಾಗಿಲು ತಟ್ಟಿದವಳು ಕಾಲೇಜಿನ ಒಬ್ಬ ವಿದ್ಯಾರ್ಥಿನಿ. ಮಹಿಳೆಯರು ಉದ್ಯಮಿಗಳಾಗಲು ಪ್ರೇರೇಪಿಸುವ ಅಂಶಗಳು ಯಾವುವು ಎಂಬುದು ಅವಳ ಅಧ್ಯಯನದ ವಿಷಯ; ಎಂಬತ್ತು ಜನ ಉದ್ಯಮಿಗಳನ್ನು ಕಂಡು ಎಂಬತ್ತು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬರಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು. ಜೋತುಬಿದ್ದ ತೋಳನ್ನು ನೋಡಿದ್ದೇ ತಡ, ಅವಳು ಮನಸ್ಸಿನಲ್ಲೇ ಕಾರಣವನ್ನು ನಿರ್ಧರಿಸಿ, ಪುಟದ ಮೇಲ್ತುದಿಯಲ್ಲಿ 'ದೈಹಿಕ ಸವಾಲು' ಎಂದು ಪೆನ್ಸಿಲಿನಲ್ಲಿ ಬರೆದುಕೊಂಡೂಬಿಟ್ಟಳು. ಆಮೇಲೆ ಆ ಬಲಗೈ ಹೊರಬಂದು ಅವಳಿಗೆ ಕುರ್ಚಿ ಎಳೆದುಕೊಟ್ಟಾಗ, ಬರೆದದ್ದನ್ನು ಅಳಿಸಲು ರಬ್ಬರಿಲ್ಲದೆ ಅವಳು ಪಟ್ಟ ಪಾಡು ನೋಡುವಂತಿತ್ತು. ನಾನು ಅಲ್ಲೇ ಇದ್ದೆ. ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವುದು ನನ್ನ ಕಸುಬು. ಇತರರ ತಪ್ಪನ್ನು ಹುಡುಕಿ ಅನ್ನ ಉಣ್ಣುವ ನನಗೆ ರಬ್ಬರು ಜೇಬಿನಲ್ಲೇ ಇರುತ್ತದೆ, ಕೊಟ್ಟೆ.

ಆ ಮನೆಯ ಒಡತಿಯನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಚೆಕಿಂಗಕ್ಕ ಎಂದು. ಉಡುಪಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಚೆಕಿಂಗ್ ವಿಭಾಗದಲ್ಲಿ ದುಡಿದವರು ಅವರು. ಹೊಲಿಗೆಯ ಸಾಲಿನಿಂದ ಬಂದ ಶರ್ಟುಗಳನ್ನು ಎತ್ತರದ ಮೇಜಿನ ಮೇಲೆ ಹರವಿ, ತಿರುವಿ, ಒಳಗನ್ನು ಹೊರಗು ಮಾಡಿ, ದಾರ ಬಿಟ್ಟಲ್ಲಿ, ಹೊಲಿಗೆ ತಪ್ಪಿದಲ್ಲಿ, ಗುಂಡಿ ಓಲಾಡಿದಲ್ಲಿ ಬಾಣದ ಆಕಾರದ ಪುಟ್ಟ ಕೆಂಪು ಚೀಟಿಯೊಂದನ್ನು ಅಂಟಿಸುವುದು ಅವರ ಕೆಲಸವಾಗಿತ್ತು. ಹನ್ನೊಂದು ವರ್ಷ ಒಂದೇ ಮೇಜಿಗೆ ಒರಗಿ ನಿಂತದ್ದರಿಂದ ಅವರ ಮೈಯ ಭಾರವೆಲ್ಲ ಬಲಗಾಲಿಗೆ ಒಗ್ಗಿಹೋಗಿದೆ. ನಡೆಯುವಾಗ ಬಲಕ್ಕೆ ಕೊಂಚ ವಾಲುತ್ತಾರೆ, ಆದರೆ ಎಂಥ ವೇಗ! ಮಾರುಕಟ್ಟೆಗೆ ಅವರ ಜೊತೆ ಹೊರಟವರು ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡಬೇಕು. ಆ ನೀಲಿ ಕೋಟು ಕಾರ್ಖಾನೆಯದೇ. ಅದರ ಎಡ ಜೇಬಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ, ಬಲ ಜೇಬಿನಲ್ಲಿ ಕೆಂಪು ಬಾಣದ ಚೀಟಿಗಳ ಸುರುಳಿ.

ಈ ಸುರುಳಿ ಕಾರ್ಖಾನೆಯ ಗೇಟಿನ ಒಳಗೇ ಉಳಿದಿದ್ದರೆ ಅವರ ಮನೆಯವರು ನೆಮ್ಮದಿಯಾಗಿರುತ್ತಿದ್ದರು. ಸೋರುವ ನಲ್ಲಿಗೊಂದು ಬಾಣ, ಕುಂಟುವ ಕುರ್ಚಿಗೊಂದು, ಎರಡು ನಿಮಿಷ ಹಿಂದೆ ಬಿದ್ದ ಗಡಿಯಾರಕ್ಕೊಂದು. ಬಸ್ ಡ್ರೈವರಾಗಿರುವ ಅವರ ಗಂಡ ಒಂದು ದಿನ ಬೆನ್ನಿನ ಮೇಲೆ ಬಾಣ ಅಂಟಿಸಿಕೊಂಡೇ ಡಿಪೋಗೆ ಹೋಗಿ, ಶರ್ಟಿನ ಹೊಲಿಗೆ ಬಿಟ್ಟಿದೆಯೆಂದು ಇಡೀ ಡಿಪೋದಿಂದ ಹೇಳಿಸಿಕೊಂಡು ಬಂದರು. ನನಗೂ ಒಮ್ಮೆ ಆ ಯೋಗ ಬಂದಿತ್ತು. ಮಾತಾಡುತ್ತಿದ್ದಂತೆಯೇ ನನ್ನ ಕಾಲರು ಮಗುಚಿ ನೋಡಿ, ಒಳಗೆ ಒಂದು ಬಾಣ ಅಂಟಿಸಿ, ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದ್ದರು. ಆದರೆ ಅವರು ತಪ್ಪು ತೋರಿಸಿ ಸುಮ್ಮನಾಗುವವರಲ್ಲ. ನಲ್ಲಿಯನ್ನು ತಾವೇ ಬಿಚ್ಚಿ ರಿಪೇರಿ ಮಾಡಿದರು, ಕುರ್ಚಿಯ ಕಾಲಿಗೆ ರಬ್ಬರು ತೊಡಿಸಿದರು, ಮರುದಿನ ನನ್ನ ಶರ್ಟು ಕೇಳಿ ಪಡೆದು ಕಾಲರು ಹೊಲಿದುಕೊಟ್ಟರು. ಯಾವುದಕ್ಕೂ ಅವರ ಒಂದೇ ಮಾತು: "ಹಾಕ್ಕೊಂಡು ನೋಡಿ ಹೇಳಿ." ಹೊಲಿದ ಶರ್ಟಿಗೂ ಅದೇ, ರಿಪೇರಿಯಾದ ನಲ್ಲಿಗೂ ಅದೇ; ಹೊಸ ಕನ್ನಡಕಕ್ಕೂ, ನಾದಿನಿಗೆ ಬಂದ ಗಂಡಿನ ವಿಷಯಕ್ಕೂ ಅದನ್ನೇ ಹೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದಾರೆ.

ವಿದ್ಯಾರ್ಥಿನಿ ಪ್ರಶ್ನಾವಳಿಯನ್ನು ಮುಂದಿಟ್ಟಳು. ಉದ್ಯಮ ಆರಂಭಿಸಲು ಕಾರಣವಾದ ಒಂದು ಪ್ರಮುಖ ಅಂಶವನ್ನು ಗುರುತಿಸಬೇಕಿತ್ತು. ಕುಟುಂಬದ ಪ್ರೋತ್ಸಾಹ, ಆರ್ಥಿಕ ಅಗತ್ಯ, ಸ್ವಾವಲಂಬನೆಯ ಹಂಬಲ, ಉದ್ಯೋಗದಲ್ಲಿ ಅತೃಪ್ತಿ, ಆದರ್ಶ ವ್ಯಕ್ತಿಯ ಪ್ರಭಾವ, ಬಿಡುವಿನ ಸದುಪಯೋಗ ಎಂದು ಆರು ಚೌಕಗಳು. ಏಳನೆಯದು 'ಇತರೆ', ಅದರ ಮುಂದೆ ಹೆಬ್ಬೆರಳಿನಷ್ಟುದ್ದದ ಒಂದು ಗೆರೆ. ಚೆಕಿಂಗಕ್ಕ ಪುಟವನ್ನು ಎತ್ತಿ ಬೆಳಕಿಗೆ ಹಿಡಿದು ಮುಂದೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಏಕೆಂದರೆ ಈ ಪ್ರಶ್ನೆಗೆ ಅವರು ಈಗಾಗಲೇ ಕೊಟ್ಟಿರುವ ಉತ್ತರಗಳನ್ನೆಲ್ಲ ನಾನು ಬಲ್ಲೆ. ಪತ್ರಿಕೆಯವರು ಬಂದು ಕೇಳಿದಾಗ ಎಲ್ಲ ನಮ್ಮ ಯಜಮಾನರ ಸಹಕಾರ ಎಂದಿದ್ದರು. ಮಹಿಳಾ ಸಂಘದ ವೇದಿಕೆಯಲ್ಲಿ ಛಲ ಎಂದಿದ್ದರು, ಚಪ್ಪಾಳೆಯೂ ಬಿದ್ದಿತ್ತು. ನಾದಿನಿ ಕೇಳಿದಾಗ ಬೇಜಾರು ಕಳೆಯೋಕೆ ಕಣೇ ಎಂದು ಮಾತು ಮರೆಸಿದ್ದರು. ಮೂರೂ ಸುಳ್ಳಲ್ಲ. ಆದರೆ ನಿಜವಾದ ಕಥೆ ಶುರುವಾಗುವುದು ಅವರ ಮಾವನಿಂದ, ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಅವರ ಮಾವ ನನ್ನ ಮೇಷ್ಟ್ರು. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಭೂಗೋಳ ಕಲಿಸಿದವರು. ನದಿಗಳ ಹೆಸರು ಮರೆತ ಹುಡುಗನನ್ನು ಅವರು ಕ್ಷಮಿಸುತ್ತಿದ್ದರು, ಶರ್ಟಿನ ಗುಂಡಿ ಮರೆತವನನ್ನು ಕ್ಷಮಿಸುತ್ತಿರಲಿಲ್ಲ. ಬಿಳಿ ಶರ್ಟು, ಕುತ್ತಿಗೆಯವರೆಗೆ ಏಳು ಗುಂಡಿ, ತೋಳಿಗೆ ಒಂದೊಂದು. ಒಟ್ಟು ಒಂಬತ್ತೂ ಭದ್ರವಾಗಿ ಹಾಕಿಕೊಂಡೇ ಅವರು ತರಗತಿಯ ಹೊಸ್ತಿಲು ದಾಟುತ್ತಿದ್ದುದು. ಒಂದು ಗುಂಡಿ ಬಿಟ್ಟಿದ್ದರೂ ಹುಡುಗರು ಹೊರಗೆ ನಿಲ್ಲಬೇಕಿತ್ತು. ನಾನು ಒಂದು ಇಡೀ ಖಂಡವನ್ನು ಹೀಗೆ ಹೊರಗೆ ನಿಂತು ಕಿಟಕಿಯಿಂದಲೇ ಕಲಿತವನು. ಇಂಥವರಿಗೆ ನಿವೃತ್ತಿಯಾದ ಆರನೆಯ ವರ್ಷ ಪಾರ್ಶ್ವವಾಯು ಬಡಿದು, ಬಲಗೈ ಸಂಪೂರ್ಣ ಸೋತುಹೋಯಿತು. ಬಲಗಾಲು ಕೋಲಿನ ನೆರವಿನಿಂದ ಅಷ್ಟಿಷ್ಟು ಮಾತು ಕೇಳುತ್ತಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಆಗಿದ್ದರೆ ಮನೆಯವರಿಗೆ ಒಂದಿಷ್ಟು ವಿಶ್ರಾಂತಿಯಾದರೂ ಸಿಗುತ್ತಿತ್ತೆಂದು ಅವರ ಮಗ ಈಗಲೂ ತಮಾಷೆ ಮಾಡುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಮೇಷ್ಟ್ರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಗುಂಡಿಯಿಲ್ಲದ ಸಡಿಲ ಬನಿಯನ್ನಿನಲ್ಲಿ ಹಾಸಿಗೆಯ ಮೇಲೆ ಕುಳಿತು, ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡುತ್ತಿದ್ದರು. ಮಗ ಶರ್ಟು ತೊಡಿಸಿ ಗುಂಡಿ ಹಾಕಲು ಹೋದರೆ ಎಡಗೈಯಿಂದ ತಳ್ಳಿಬಿಡುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ನೋಡಲು ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು. ನಾನೇ ನಾಲ್ಕು ಸಲ ಆ ನಿದ್ದೆಗೆ ನಮಿಸಿ ವಾಪಸು ಬಂದಿದ್ದೆ. ಹೀಗಿರುವಾಗ ಶಾಲೆಯಿಂದ ಒಂದು ಪತ್ರ ಬಂತು. ಶಾಲೆಗೆ ಎಪ್ಪತ್ತೈದು ತುಂಬುತ್ತಿದೆ, ಹನ್ನೆರಡು ದಿನ ಬಿಟ್ಟು ಸಮಾರಂಭ, ಮೇಷ್ಟ್ರು ಬಂದು ನಾಲ್ಕು ಮಾತಾಡಬೇಕು ಎಂದು. ಮಗ ಹೋಗಿಬರೋಣ ಎಂದು ಗೋಗರೆದರು, ನಾನು ಕಾರು ತರುತ್ತೇನೆಂದೆ. ಮೇಷ್ಟ್ರು ಭೂಪಟದಿಂದ ಕಣ್ಣು ಕೀಳದೆಯೇ ಹೇಳಿದರು: "ಗುಂಡಿ ಹಾಕ್ಕೊಳ್ಳದವನಿಗೆ ಕ್ಲಾಸಿಲ್ಲ ಅಂತ ಮೂವತ್ತನಾಲ್ಕು ವರ್ಷ ಹೇಳಿದೀನಿ. ನನ್ನ ಗುಂಡಿ ಇನ್ನೊಬ್ಬರು ಹಾಕೋ ಹಾಗಿದ್ರೆ, ನಾನೂ ಹೊರಗೇ ನಿಂತ್ಕೊಳ್ಳಬೇಕು."

ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಚೆಕಿಂಗಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಬಂದು, ಮಾವ ತಳ್ಳಿಹಾಕಿದ್ದ ಬಿಳಿ ಶರ್ಟನ್ನು ನೆಲದಿಂದ ಎತ್ತಿ, ಅಭ್ಯಾಸದಂತೆ ಒಳಗನ್ನು ಹೊರಗು ಮಾಡಿ ನೋಡಿದರು. ಆಮೇಲೆ ಜೇಬಿನಿಂದ ಸುರುಳಿ ತೆಗೆದು ಒಂದೊಂದೇ ಗುಂಡಿಗೆ ಒಂದೊಂದು ಕೆಂಪು ಬಾಣ ಅಂಟಿಸುತ್ತ ಹೋದರು. ಒಂಬತ್ತು ಗುಂಡಿ, ಒಂಬತ್ತು ಬಾಣ.

"ತಪ್ಪು ನಿಮ್ಮ ಕೈದಲ್ಲ ಮಾವ. ಶರ್ಟಿಂದು" ಎಂದರು.

ಅಲ್ಲಿಯವರೆಗೆ ವೈದ್ಯರು, ಮಗ, ನಾನು, ಸ್ವತಃ ಮೇಷ್ಟ್ರು, ಎಲ್ಲರೂ ಕೆಟ್ಟುಹೋದದ್ದು ಕೈ ಎಂದೇ ನಂಬಿ, ಆ ಕೈಯನ್ನೇ ತಿಕ್ಕಿ, ಎಳೆದು, ಶಾಖ ಕೊಟ್ಟು, ಬೈದು ಆಗಿತ್ತು. ಶರ್ಟಿನಲ್ಲಿ ದೋಷವಿರಬಹುದೆಂದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಮೇಷ್ಟ್ರು ಮೊದಲ ಬಾರಿಗೆ ಭೂಪಟದಿಂದ ಮುಖ ತಿರುಗಿಸಿ ಸೊಸೆಯನ್ನು ನೋಡಿದರು. ಹನ್ನೆರಡು ದಿನ ಇದೆ, ನಾನು ಒಂದು ಶರ್ಟು ಹೊಲಿಯುತ್ತೇನೆ, ಅದನ್ನು ನೀವೇ ಹಾಕಿಕೊಳ್ಳುವ ಹಾಗಾದರೆ ಸಮಾರಂಭಕ್ಕೆ ಹೊರಡಬೇಕು ಎಂದು ಆಕೆ ಕರಾರು ಹಾಕಿದರು. ನೋಡುವವರಿಗೆ ಅದು ಎಲ್ಲರ ಶರ್ಟಿನಂತೆಯೇ ಕಾಣಬೇಕು ಎಂದು ಮೇಷ್ಟ್ರು ಮರುಕರಾರು ಹಾಕಿದರು.

ಮೊದಲ ಶರ್ಟು ಮೂರನೆಯ ದಿನಕ್ಕೆ ಸಿದ್ಧವಾಯಿತು. ಎಡಗೈಗೆ ಅನುಕೂಲವಾಗಲೆಂದು ಗುಂಡಿಯ ಪಟ್ಟಿಯನ್ನು ಬಲದಿಂದ ಎಡಕ್ಕೆ ಬದಲಿಸಿ, ಗುಂಡಿ ತೂರುವ ಕಾಜಾಗಳನ್ನು ದೊಡ್ಡದು ಮಾಡಿದ್ದರು. ಮೇಷ್ಟ್ರು ಅದನ್ನು ತೊಡೆಯ ಮೇಲೆ ಹರವಿಕೊಂಡು ಬಹಳ ಹೊತ್ತು ಪರೀಕ್ಷಿಸಿ, ಇದು ಹೆಂಗಸರ ಶರ್ಟು ಎಂದು ತೀರ್ಪು ಕೊಟ್ಟರು. ಗಂಡಸರ ಶರ್ಟಿನಲ್ಲಿ ಎಡಭಾಗ ಮೇಲೆ ಬರುತ್ತದೆ, ಹೆಂಗಸರದರಲ್ಲಿ ಬಲಭಾಗ. ಹನ್ನೊಂದು ವರ್ಷ ಅದನ್ನೇ ಚೆಕ್ ಮಾಡಿದವರು ತಾವೇ ಎಡವಿದ್ದಕ್ಕೆ ಚೆಕಿಂಗಕ್ಕ ತಮ್ಮ ಹಣೆಗೇ ಒಂದು ಬಾಣ ಅಂಟಿಸಿಕೊಂಡರು. ಎರಡನೆಯದಕ್ಕೆ ಗುಂಡಿಯ ಬದಲು ಶಾಲಾ ಚೀಲಕ್ಕೆ ಹಾಕುವ ವೆಲ್ಕ್ರೋ ಪಟ್ಟಿ, ಮೇಲೆ ತೋರಿಕೆಗೆ ಗುಂಡಿಗಳು. ಎಳೆದರೆ ಪರ್ರ್ ಎಂದು ಸದ್ದು. ಹಿಂದಿನ ಬೆಂಚಿನಲ್ಲಿ ಯಾರೋ ಪುಸ್ತಕ ಹರಿದಂತಾಗಿ ಮೇಷ್ಟ್ರಿಗೆ ರೇಗಿತು, ಶರ್ಟು ಮೂಲೆ ಸೇರಿತು.

ಆರನೆಯ ದಿನ ಸಂಜೆ ಚೆಕಿಂಗಕ್ಕ ತಮ್ಮ ಕೈಚೀಲದಿಂದ ಬೀಗದ ಕೈ ತೆಗೆದು ಒಂದೇ ಕೈಯಲ್ಲಿ ಚೀಲದ ಬಾಯಿ ಮುಚ್ಚಿದರು. ಟಕ್ ಎಂದಿತು. ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಬೀದಿಯಲ್ಲಿ ನಿಂತು ಹೀಗೆ ಹತ್ತಾರು ಸಲ ಮಾಡಿದ್ದನ್ನು ಕಂಡು ನಾನು ಏನಕ್ಕಾ ಎಂದು ಗಾಬರಿಯಿಂದ ಕೇಳಿದೆ. ಅಯಸ್ಕಾಂತ ಎಂದಷ್ಟೇ ಹೇಳಿ ಒಳಗೆ ಓಡಿದರು. ಮನೆಯಲ್ಲಿದ್ದ ಹಳೆಯ ಕೈಚೀಲಗಳದೆಲ್ಲ ಬಾಯಿ ಕಿತ್ತು ಮೂರನೆಯ ಶರ್ಟು ತಯಾರಾಯಿತು. ಅಂಚುಗಳನ್ನು ಹತ್ತಿರ ತಂದರೆ ಸಾಕು, ಗುಂಡಿಗಳು ತಾವೇ ಒಂದನ್ನೊಂದು ಹುಡುಕಿಕೊಂಡು ಕೂಡುತ್ತಿದ್ದವು. ಮೇಷ್ಟ್ರ ಮುಖದಲ್ಲಿ ನಗೆ ಮೂಡಿತು. ಆ ಸಂತೋಷದಲ್ಲಿ ಎದ್ದು ಕೋಲೂರಿ ಎರಡು ಹೆಜ್ಜೆ ನಡೆದು, ಕಬ್ಬಿಣದ ಬೀರುವಿಗೆ ಎದೆಯೊಡ್ಡಿ ಒರಗಿದರು ನೋಡಿ, ಅಲ್ಲಿಗೇ ಅಂಟಿಕೊಂಡುಬಿಟ್ಟರು. ಮಗ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಬಿಡಿಸುವಾಗ ಮೇಷ್ಟ್ರಿಗೆ ಕೋಪ ಬರಬೇಕಿತ್ತು, ನಗು ಬಂತು. ಪಾರ್ಶ್ವವಾಯು ಬಡಿದ ಮೇಲೆ ಆ ಮನೆಯಲ್ಲಿ ಅಷ್ಟು ಜೋರು ನಗು ಕೇಳಿದ್ದು ಅದೇ ಮೊದಲು.

ಸಣ್ಣ ಅಯಸ್ಕಾಂತಗಳು ಬೇಕಾಗಿದ್ದವು. ಅವು ಸಿಕ್ಕಿದ್ದು ಮಕ್ಕಳ ಕಂಪಾಸು ಪೆಟ್ಟಿಗೆಗಳ ಮುಚ್ಚಳದಲ್ಲಿ. ನಾಲ್ಕನೆಯ ಶರ್ಟಿಗೆ ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು, ಚೆಕಿಂಗಕ್ಕ ಮೊದಲು ತಾವೇ ಕೋಟಿನ ಮೇಲೆ ತೊಟ್ಟು, ಎಡಗೈಯೊಂದರಿಂದಲೇ ಏಳೂ ಗುಂಡಿಗಳನ್ನು ಸೇರಿಸಿದರು. ಹತ್ತು ಸಲ ಮಾಡಿದರು, ಹತ್ತು ಸಲವೂ ಸರಿಯಾಯಿತು. ಮೇಷ್ಟ್ರು ಮಾಡಿದರೆ ಮಾತ್ರ ಶರ್ಟಿನ ಅಂಚು ಜಾರಿ, ಮೂರನೆಯ ಗುಂಡಿ ಐದನೆಯದಕ್ಕೆ ಹೋಗಿ ಕೂಡುತ್ತಿತ್ತು. ಅದೇ ಶರ್ಟು, ಅದೇ ಎಡಗೈ. ಆಕೆ ತಲೆ ಕೆರೆದುಕೊಂಡು ಮತ್ತೆ ತೊಟ್ಟರು. ಎದುರಿಗೆ ಕುಳಿತ ನನಗೆ ಆಗ ಕಾಣಿಸಿತು: ಎಡಗೈ ಮೇಲೆ ಕೆಲಸ ಮಾಡುತ್ತಿರುವಾಗ ಬಲಗೈ ಕೆಳಗೆ ಸದ್ದಿಲ್ಲದೆ ಶರ್ಟಿನ ಅಂಚನ್ನು ಹಿಡಿದು ಬಿಗಿಮಾಡಿ ಕೊಡುತ್ತಿತ್ತು. ಯಾರೂ ಕರೆಯದಿದ್ದರೂ ಬಂದು ನೆರವಾಗುವುದು ಅದರ ಹುಟ್ಟುಗುಣ.

"ಅಕ್ಕಾ, ನಿಮ್ಮ ಬಲಗೈ ಕಳ್ಳಾಟ ಆಡ್ತಿದೆ" ಎಂದೆ.

ಈ ಉದ್ಯಮಕ್ಕೆ ನನ್ನ ಕೊಡುಗೆ ಈ ಒಂದು ವಾಕ್ಯ ಮಾತ್ರ, ಅದನ್ನು ಹೇಳಿಕೊಳ್ಳುವ ಅವಕಾಶವನ್ನು ನಾನು ಎಂದೂ ಬಿಟ್ಟವನಲ್ಲ. ಚೆಕಿಂಗಕ್ಕ ತಮ್ಮ ಬಲಗೈಯನ್ನು ಕಳ್ಳನನ್ನು ನೋಡುವಂತೆ ನೋಡಿ, ಅದನ್ನು ಕೋಟಿನ ತೋಳಿನಿಂದ ಎಳೆದು ಹೊಟ್ಟೆಗೆ ಒತ್ತಿ, ಮೇಲೆ ಕೋಟಿನ ಗುಂಡಿಗಳನ್ನು ಹಾಕಿಬಿಟ್ಟರು. ಅಂದಿನಿಂದ ಆ ಕೈಗೆ ದಿನವೂ ಅರ್ಧ ಗಂಟೆಯ ಸೆರೆವಾಸ. ಹಾಗೆ ಒಂಟಿಕೈಯಲ್ಲಿ ಪೇಚಾಡಿದ ಮೇಲೆಯೇ ಅವರಿಗೆ ಶರ್ಟಿನ ಕೆಳಭಾಗ ಉದ್ದವಿದ್ದು ತೊಡೆಯ ಕೆಳಗೆ ಸಿಕ್ಕಿಸಿ ಕೂರುವಂತಿರಬೇಕು, ಆಗ ಅಂಚು ಜಾರುವುದಿಲ್ಲ ಎಂಬುದು ಹೊಳೆದದ್ದು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿಯೂ ಅವರು ಹೀಗೆ ತೋಳು ಜೋತುಬಿಟ್ಟು ಕಸರತ್ತು ಮಾಡುವುದನ್ನು ಕಂಡ ಸೂಪರ್ವೈಸರು, ನಿಮ್ಮ ಕೆಲಸ ತಪ್ಪು ತೋರಿಸೋದು, ತಲೆ ಓಡಿಸೋದಲ್ಲ ಎಂದನಂತೆ. ಅದನ್ನು ಅವರು ನಮ್ಮ ಮುಂದೆ ನಗುನಗುತ್ತಲೇ ಹೇಳಿದರು. ಆದರೆ ಹೇಳುವಾಗ ಸುರುಳಿಯಿಂದ ಒಂದು ಬಾಣ ಕಿತ್ತು ಬೆರಳ ತುದಿಯಲ್ಲಿ ಅಂಟಿಸಿಕೊಂಡು, ಅದನ್ನು ಎಲ್ಲಿಗೆ ಹಚ್ಚಲಿ ಎಂದು ಹುಡುಕುವವರಂತೆ ಸುಮಾರು ಹೊತ್ತು ಕುಳಿತಿದ್ದರು.

ಹನ್ನೆರಡನೆಯ ದಿನ ಬಂತು. ಹನ್ನೊಂದು ಗಂಟೆಗೆ ಸಮಾರಂಭ. ಒಂಬತ್ತಕ್ಕೆ ನಾನು ಕಾರು ತಂದು ನಿಲ್ಲಿಸಿ ಒಳಗೆ ಹೋದಾಗ ಮೇಷ್ಟ್ರು ಹಾಸಿಗೆಯ ಅಂಚಿನಲ್ಲಿ ಕುಳಿತು ಏಳು ಗುಂಡಿಗಳನ್ನೂ ಸೇರಿಸಿ ಮುಗಿಸಿದ್ದರು. ಸೋತ ಬಲಗೈಯ ತೋಳಿನ ಗುಂಡಿಯನ್ನು ಎಡಗೈ ಹಾಕಿಬಿಟ್ಟಿತು. ಒಟ್ಟು ಎಂಟು. ಉಳಿದದ್ದು ಒಂಬತ್ತನೆಯದು, ಎಡತೋಳಿನದು. ಎಡಗೈ ತನ್ನ ಗುಂಡಿಯನ್ನು ತಾನು ಹಾಕಿಕೊಳ್ಳುವುದು ಹೇಗೆ? ಬೆರಳುಗಳು ಅತ್ತ ಬಾಗಿ, ಇತ್ತ ಬಾಗಿ, ಮುಟ್ಟಿಯೂ ಮುಟ್ಟದೆ ಸೋತವು. ಹನ್ನೆರಡು ದಿನಗಳಲ್ಲಿ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಮಗ ಮುಂದೆ ಬಂದು ಒಂದೇ ಒಂದು ತಾನೇ, ನಾನು ಹಾಕ್ತೀನಿ ಎಂದರು. ಮೇಷ್ಟ್ರು ತೋಳನ್ನು ಹಿಂದಕ್ಕೆ ಎಳೆದುಕೊಂಡರು. ಅವರ ಮುಖ ಮತ್ತೆ ನಿಧಾನವಾಗಿ ಭೂಪಟದ ಕಡೆಗೆ ತಿರುಗತೊಡಗಿತು.

ನನಗೆ ಅಂದು ಆದ ಸಂಕಟವನ್ನು ಹೇಗೆ ಹೇಳಲಿ? ಶಾಲೆಯಲ್ಲಿ ಐನೂರು ಜನ ಕಾಯುತ್ತಿದ್ದರು. ಇಲ್ಲಿ ಒಬ್ಬ ಮನುಷ್ಯ ಒಂದು ಗುಂಡಿಯ ದೂರದಲ್ಲಿ ನಿಂತುಹೋಗಿದ್ದ.

ಚೆಕಿಂಗಕ್ಕ ತಮ್ಮ ಕೋಟಿನ ಒಳಗೆ ಬಲಗೈ ಸೇರಿಸಿ ಗುಂಡಿ ಹಾಕಿದರು. ಅದರ ಮೇಲೆ ಗಂಡನ ಒಂದು ಶರ್ಟು ತೊಟ್ಟು ಎಡತೋಳಿನ ಗುಂಡಿಯ ಜೊತೆ ಗುದ್ದಾಡಿದರು, ಹಲ್ಲಿನಿಂದ ಕಚ್ಚಿ ನೋಡಿದರು, ಮಂಚದ ಕಾಲಿಗೆ ಒತ್ತಿ ನೋಡಿದರು. ಆಮೇಲೆ ತಟಕ್ಕನೆ ನಿಂತು ತಮ್ಮ ಕಾಲನ್ನು ನೋಡಿದರು. ಕಾಲಿನಲ್ಲಿ ಕಾಲುಚೀಲವಿತ್ತು. ಅದಕ್ಕೆ ಯಾರು ಗುಂಡಿ ಹಾಕುತ್ತಾರೆ? ಹಿಗ್ಗುತ್ತದೆ, ಕಾಲು ತೂರುತ್ತದೆ, ಮತ್ತೆ ಕುಗ್ಗುತ್ತದೆ. ಕೈ ಬಿಡಿಸಿಕೊಂಡು, ಆ ಕಾಲುಚೀಲವನ್ನು ಬಿಚ್ಚಿ, ಕತ್ತರಿಯಿಂದ ಅದರ ಬಾಯಿಯ ಎಲಾಸ್ಟಿಕ್ ದಾರವನ್ನು ಎಳೆದು, ಮೇಷ್ಟ್ರು ಕಳಚಿಕೊಟ್ಟ ಶರ್ಟಿನ ಎಡತೋಳಿನ ಗುಂಡಿಯನ್ನು ಕಿತ್ತು ಆ ದಾರದಿಂದಲೇ ಮತ್ತೆ ಹೊಲಿದು, ಗುಂಡಿಯನ್ನು ಮೊದಲೇ ಕಾಜಾಕ್ಕೆ ಹಾಕಿಟ್ಟರು. ಇಷ್ಟಕ್ಕೂ ಹತ್ತು ನಿಮಿಷ ಹಿಡಿಯಿತೋ ಇಲ್ಲವೋ. ಶರ್ಟನ್ನು ಮಾವನ ತೊಡೆಯ ಮೇಲಿಟ್ಟು, ಹಾಕ್ಕೊಂಡು ನೋಡಿ ಹೇಳಿ ಎಂದು ನಮ್ಮನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಎಳೆದುಕೊಂಡರು.

ಕಾಲು ಗಂಟೆ ಕಳೆಯಿತು. ಒಂದು ಕಾಲಿಗೆ ಚೀಲ, ಇನ್ನೊಂದು ಬರಿಗಾಲು, ಚೆಕಿಂಗಕ್ಕ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ಗೋಡೆಗೆ ಒರಗಿ ನಿಂತಿದ್ದರು. ಬಾಗಿಲು ತೆರೆಯಿತು. ಮೇಷ್ಟ್ರು ಕೋಲೂರಿಕೊಂಡು ಹೊರಗೆ ಬಂದರು. ಬಿಳಿ ಶರ್ಟು, ಕುತ್ತಿಗೆಯವರೆಗೆ ಏಳು, ತೋಳಿಗೆ ಒಂದೊಂದು. ನಮ್ಮನ್ನೆಲ್ಲ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಮೇಲಿನ ಗುಂಡಿ ಬಿಟ್ಟಿರುವುದನ್ನು ಕಂಡು ಕೋಲಿನಿಂದ ತೋರಿಸಿದರು. ಆ ವಯಸ್ಸಿನಲ್ಲಿಯೂ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕಣ್ಣು ಯಾಕೆ ಒದ್ದೆಯಾಯಿತೆಂದು ಕೇಳಬೇಡಿ.

ಶರ್ಟಿನ ಗುಟ್ಟು ಯಾರಿಗೂ ಗೊತ್ತಾಗಬಾರದೆಂದು ಕರಾರು ಹಾಕಿದವರು ಮೇಷ್ಟ್ರು, ಅದನ್ನು ಮುರಿದವರೂ ಅವರೇ. ವೇದಿಕೆಯ ಮೇಲೆ ನಾಲ್ಕು ಮಾತಾಡುವುದಕ್ಕೆ ಬದಲು ನಲವತ್ತು ಮಾತಾಡಿ, ಕೊನೆಗೆ ಇಡೀ ಸಭೆಯ ಮುಂದೆ ಎಡಗೈಯಿಂದ ಮೇಲಿನ ಮೂರು ಗುಂಡಿಗಳನ್ನು ಬಿಚ್ಚಿ, ಮತ್ತೆ ಒಂದೊಂದಾಗಿ ಟಕ್ ಟಕ್ ಟಕ್ ಎಂದು ಹಾಕಿ ತೋರಿಸಿದರು. ಮೈಕು ಹತ್ತಿರವಿದ್ದುದರಿಂದ ಆ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು.

"ಹೊಲಿದೋಳು ನನ್ನ ಸೊಸೆ. ಹಾಕ್ಕೊಂಡಿದ್ದು ನಾನು" ಎಂದರು.

ಮರುದಿನ ಬೆಳಿಗ್ಗೆ ನಾನು ಕಿಟಕಿ ತೆರೆದಾಗ ಎದುರು ಮನೆಯ ಮುಂದೆ ಏಳು ಜನ ನಿಂತಿದ್ದರು. ಒಬ್ಬನ ತಂದೆಗೆ ಮೇಷ್ಟ್ರಂತೆಯೇ ಆಗಿತ್ತು. ಇನ್ನೊಬ್ಬಳ ಅಕ್ಕನ ಭುಜ ಮುರಿದಿತ್ತು. ಬೆರಳುಗಳು ಸೆಟೆದುಹೋದ ಒಬ್ಬ ಹಳೆಯ ಪಿಟೀಲು ವಾದಕರು ತಾವೇ ಬಂದಿದ್ದರು. ಎರಡು ವರ್ಷದಿಂದ ಹೆಂಡತಿಯ ಕೈಯಲ್ಲಿ ಗುಂಡಿ ಹಾಕಿಸಿಕೊಂಡು ಸಾಕಾಗಿದೆ, ಅವಳಿಗೂ ಸಾಕಾಗಿದೆ ಎಂದರು. ಚೆಕಿಂಗಕ್ಕ ಕಾರ್ಖಾನೆಗೆ ಹೊರಟು ನೀಲಿ ಕೋಟು ತೊಟ್ಟು ಹೊಸ್ತಿಲಲ್ಲಿ ನಿಂತಿದ್ದರು. ಒಬ್ಬೊಬ್ಬರ ಮಾತನ್ನೂ ಕೇಳುತ್ತ ಅವರು ಆ ದಿನ ಬಸ್ಸು ತಪ್ಪಿಸಿಕೊಂಡರು, ಆಮೇಲೆ ಆ ಬಸ್ಸನ್ನು ಹಿಡಿಯುವ ಗೋಜಿಗೇ ಹೋಗಲಿಲ್ಲ. ಕೆಲಸ ಬಿಡುತ್ತೇನೆಂದು ಹೇಗೆ ಹೇಳುವುದೆಂದು ಅಂಜುತ್ತ ಗಂಡನ ಮುಂದೆ ಮಾತು ಎತ್ತಿದಾಗ, ಆ ಮಿತಭಾಷಿ ಎದ್ದು ಮುಂದಿನ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ಎಳೆದು ಮನೆಯೊಳಗಿನ ಓಣಿಗೆ ಹಾಕಿದರಂತೆ. ಆ ಮಂಚ ಇವತ್ತಿಗೂ ಓಣಿಯಲ್ಲೇ ಇದೆ, ಅಡ್ಡಹಾದು ಹೋಗುವವರ ಮೊಣಕಾಲಿಗೆಲ್ಲ ಅದರ ಪರಿಚಯವಿದೆ.

ಈಗ ಆ ಮುಂದಿನ ಕೋಣೆಯಲ್ಲಿ ಎಂಟು ಹೊಲಿಗೆ ಯಂತ್ರಗಳು, ಎಂಟು ಜನ ಹೆಂಗಸರು. ಎಲ್ಲರಿಗೂ ನೀಲಿ ಕೋಟು. ಹತ್ತು ಗಂಟೆ ಹೊಡೆದ ಕೂಡಲೇ ಯಂತ್ರಗಳೆಲ್ಲ ನಿಂತು, ಎಂಟು ಬಲಗೈಗಳು ಎಂಟು ಕೋಟುಗಳೊಳಗೆ ಮಾಯವಾಗಿ, ಹಿಂದಿನ ದಿನದ ಶರ್ಟು, ಪ್ಯಾಂಟು, ನಿಲುವಂಗಿಗಳನ್ನೆಲ್ಲ ಒಂಟಿಕೈಯಲ್ಲಿ ತೊಟ್ಟು ಕಳಚಿ ಪರೀಕ್ಷಿಸಲಾಗುತ್ತದೆ. ಎಡಗೈ ಸೋತವರ ಬಟ್ಟೆಗಾದರೆ ಎಡಗೈಗಳು ಒಳಗೆ. ಎದೆಯಲ್ಲಿ ಪೇಸ್‌ಮೇಕರ್ ಇಡಿಸಿಕೊಂಡವರಿಗೆ ಅಯಸ್ಕಾಂತ ಆಗದೆಂದು ಅವರಿಗೆ ಬೇರೆಯೇ ಬಗೆಯ ಕೊಕ್ಕೆ. ದೊಡ್ಡ ಅಂಗಡಿಯವನೊಬ್ಬ ಬಂದು, ಹತ್ತರಲ್ಲಿ ಒಂದನ್ನು ಪರೀಕ್ಷಿಸಿದರೆ ಸಾಕು, ಎಲ್ಲವನ್ನೂ ತೊಟ್ಟು ನೋಡುತ್ತ ಕುಳಿತರೆ ವ್ಯಾಪಾರ ಬೆಳೆಯುವುದು ಯಾವಾಗ ಎಂದು ಬುದ್ಧಿ ಹೇಳಿದ. ಚೆಕಿಂಗಕ್ಕ ಅದಕ್ಕೆ ಸೊಪ್ಪು ಹಾಕಲಿಲ್ಲ. ಅವನ ಬಲಗೈಯನ್ನು ಅವನದೇ ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿ, ಈಗ ನಿಮ್ಮ ಬಲ ಜೇಬಿನಿಂದ ಕರವಸ್ತ್ರ ತೆಗೀರಿ ನೋಡೋಣ ಎಂದರು. ಐದು ನಿಮಿಷ ಒದ್ದಾಡಿ, ಬೆವರಿ, ಆ ಬೆವರು ಒರೆಸಲಿಕ್ಕೂ ಕರವಸ್ತ್ರ ಸಿಗದೆ, ಅವನು ಎಲ್ಲ ಷರತ್ತುಗಳಿಗೂ ಒಪ್ಪಿ ಹೋದ.

ಇದಿಷ್ಟನ್ನೂ ವಿದ್ಯಾರ್ಥಿನಿಗೆ ಹೇಳಿದ್ದು ಯಾರು ಎಂದರೆ ಎಲ್ಲರೂ. ಚೆಕಿಂಗಕ್ಕ ಒಂದಿಷ್ಟು, ನಾನು ನನ್ನ ಒಂದು ವಾಕ್ಯವನ್ನು ಎರಡು ಸಲ, ಯಂತ್ರದ ಮುಂದೆ ಕುಳಿತವರು ತಲೆಗೊಂದು ಮಾತು. ಅವಳ ಕೈಯಲ್ಲಿದ್ದ ಪೆನ್ಸಿಲು ಆರೂ ಚೌಕಗಳ ಮೇಲೆ ಓಡಾಡಿ ಎಲ್ಲಿಯೂ ನಿಲ್ಲಲಿಲ್ಲ. ಗಂಡ ಮಂಚ ಎಳೆದದ್ದಕ್ಕೆ ಕುಟುಂಬದ ಪ್ರೋತ್ಸಾಹ ಎನ್ನೋಣವೆ? ಸೂಪರ್ವೈಸರನ ಮಾತಿಗೆ ಉದ್ಯೋಗದಲ್ಲಿ ಅತೃಪ್ತಿ ಎನ್ನೋಣವೆ? ಒಂದನ್ನೇ ಗುರುತಿಸಬೇಕು ಮೇಡಂ, ಇಲ್ಲದಿದ್ದರೆ ನಮ್ಮ ಸರ್ ಒಪ್ಪುವುದಿಲ್ಲ ಎಂದು ಅವಳು ಅಳುಮೋರೆ ಹಾಕಿದಳು.

ಆಗ ಒಳಗಿನ ಕೋಣೆಯಿಂದ ಕೋಲಿನ ಸದ್ದು ಬಂತು. ಎಂಬತ್ತನ್ನು ದಾಟಿದ ಮೇಷ್ಟ್ರು, ಒಂಬತ್ತು ಗುಂಡಿಗಳ ಸಮೇತ, ಬಾಗಿಲಲ್ಲಿ ಬಂದು ನಿಂತು ಏನು ಗಲಾಟೆ ಎಂದು ಕೇಳಿದರು. ವಿದ್ಯಾರ್ಥಿನಿ ಎದ್ದು ನಿಂತು ಆರು ಅಂಶಗಳನ್ನೂ ತರಗತಿಯಲ್ಲಿ ಪಾಠ ಒಪ್ಪಿಸುವಂತೆ ಓದಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಕಣ್ಣು ತೆರೆದು ಹೇಳಿದರು: "ಇದರಲ್ಲಿ ಗುಂಡಿ ಇಲ್ವಲ್ಲಮ್ಮ."

ಯಂತ್ರಗಳ ಮುಂದೆ ಕುಳಿತವರೆಲ್ಲ ನಕ್ಕರು. ಚೆಕಿಂಗಕ್ಕ ನಗಲಿಲ್ಲ. ಜೇಬಿನಿಂದ ಸುರುಳಿ ತೆಗೆದು, ಒಂದು ಕೆಂಪು ಬಾಣ ಕಿತ್ತು, ಆರು ಚೌಕಗಳನ್ನೂ ದಾಟಿ, 'ಇತರೆ' ಎಂಬುದರ ಮುಂದಿನ ಹೆಬ್ಬೆರಳುದ್ದದ ಗೆರೆಗೆ ಗುರಿಯಿಟ್ಟು ಅಂಟಿಸಿದರು. ಗೆರೆ ಚಿಕ್ಕದಾಯ್ತು, ಮುಂದಿನ ಸಲ ಉದ್ದ ಹಾಕಿ ಎಂದು ಅವಳ ಸರ್‌ಗೆ ಹೇಳಬೇಕೆಂದರು. ಹುಡುಗಿ ಅಲ್ಲಿ 'ಗುಂಡಿ' ಎಂದು ಬರೆದುಕೊಂಡು ಹೊರಟಳು. ಹೋಗುವ ಮುನ್ನ ಅವಳ ಚೀಲದ ಕಿತ್ತುಹೋದ ಜಿಪ್ಪಿನ ಮೇಲೂ ಒಂದು ಬಾಣ ಕುಳಿತಿತ್ತು. ಬಹುಶಃ ಬಸ್ಸಿನಲ್ಲಿ ನೋಡಿಕೊಂಡಿರಬೇಕು. ಆ ಪ್ರಶ್ನಾವಳಿಯನ್ನು ಅವಳ ಸರ್ ಯಾವ ಕೋಷ್ಟಕಕ್ಕೆ ಸೇರಿಸಿದರೋ ನನಗೆ ತಿಳಿಯದು.

ಮುದ್ರಣಾಲಯದಲ್ಲಿ ಕುಳಿತು ಬೇರೆಯವರ ತಪ್ಪುಗಳಿಗೆ ಗೆರೆ ಎಳೆಯುವಾಗ ನಾನು ಈ ಜಾತಿಯ ಮನುಷ್ಯರ ಬಗ್ಗೆ ಯೋಚಿಸುವುದುಂಟು. ಮೈಗೆ ಹಿಡಿಸದ ಅಂಗಿಯನ್ನು ತೊಡಬೇಕಾಗಿ ಬಂದಾಗ ನಮ್ಮಲ್ಲಿ ಬಹುಮಂದಿ ಮೈಯನ್ನು ದೂರುತ್ತೇವೆ. ಉಸಿರು ಹಿಡಿದು, ಹೊಟ್ಟೆ ಎಳೆದುಕೊಂಡು, ಸಾಧ್ಯವಾಗದಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು, ಇಷ್ಟೇ ನಮ್ಮ ಪಾಲು ಎಂದು ಕುಳಿತುಬಿಡುತ್ತೇವೆ. ಹೆಣ್ಣುಮಕ್ಕಳಿಗಂತೂ ಈ ಲೋಕ ತೊಡಿಸಿದ ಅಂಗಿಗಳಲ್ಲಿ ಅಳತೆಗೆ ಸರಿಯಾದದ್ದು ಎಷ್ಟು, ಅವುಗಳೊಳಗೆ ಮೈಯನ್ನು ಕುಗ್ಗಿಸಿಕೊಂಡು ಬಾಳಿದವರು ಎಷ್ಟು ಮಂದಿ ಎಂಬುದನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ. ಅವರ ನಡುವಿನಿಂದಲೇ ಆಗೊಮ್ಮೆ ಈಗೊಮ್ಮೆ ಒಬ್ಬಾಕೆ ಎದ್ದು ಬಂದು, ನೆಲಕ್ಕೆ ಬಿದ್ದ ಅಂಗಿಯನ್ನು ಎತ್ತಿ, ಒಳಗನ್ನು ಹೊರಗು ಮಾಡಿ ನೋಡಿ, ಎಲ್ಲರೂ ಕೈಯ ಕಡೆಗೆ ಬೆರಳು ತೋರುತ್ತಿರುವಾಗ ತಾನು ಗುಂಡಿಯ ಮೇಲೆ ಬಾಣವನ್ನು ಅಂಟಿಸುತ್ತಾಳೆ. ಉದ್ಯಮ, ಯಂತ್ರ, ಎಂಟು ಜನರ ಕೆಲಸ, ಪತ್ರಿಕೆಯ ಸುದ್ದಿ ಎಲ್ಲ ಆಮೇಲಿನದು. ನಾನು ಇಷ್ಟನ್ನು ಬರೆದು, ಕರಡನ್ನು ಚೆಕಿಂಗಕ್ಕನಿಗೇ ಓದಲು ಕೊಟ್ಟೆ. ನಿನ್ನೆ ವಾಪಸು ಬಂತು; ಎಲ್ಲೂ ಒಂದು ಮಾತು ತಿದ್ದಿರಲಿಲ್ಲ, ನಾನು ನನ್ನನ್ನೇ ಹೊಗಳಿಕೊಂಡ ಆ ಒಂದು ವಾಕ್ಯದ ಪಕ್ಕದಲ್ಲಿ ಮಾತ್ರ ಪುಟ್ಟದೊಂದು ಕೆಂಪು ಬಾಣವಿತ್ತು.